ಹಾಡಿ ಹೇಳಿಕೊಂಡ ನೋವು

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ಪರೀಕ್ಷೆಯ ವರದಿ ಬಂದಾಗ, ಅದು ಭಾರತದ ಮೊದಲ ಕೋವಿಡ್ ಸಾವು ಎಂದು ಗೊತ್ತಾಯಿತು. ಮುಂದಿನ ತಿಂಗಳುಗಳಲ್ಲಿ ಆ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳು ಎರಡು ಬಗೆಯ ಸಂಕಟ ಉಂಡವು. ಒಂದು ಜಡ್ಡಿನದು. ಇನ್ನೊಂದು, ಸತ್ತವರ ಮುಂದೆ ಕೂತು ಅಳುವುದಕ್ಕೂ ದಾರಿಯಿಲ್ಲದ್ದು.

ಈ ಭಾಗದಲ್ಲಿ ಸಾವಾದ ಮನೆ ರಾತ್ರಿ ಮಲಗುವುದಿಲ್ಲ. ಹೆಣದ ಮುಂದೆ ಭಜನೆ ಕೂಡುತ್ತದೆ. ಏಕತಾರಿ, ತಾಳ, ದಮ್ಮಡಿ ಹಿಡಿದವರು ಬೆಳಕು ಹರಿಯುವ ತನಕ ತತ್ವಪದ ಹಾಡುತ್ತಾರೆ. ಒಳಗೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸ, ಅಳುವವಳ ತವರಿನ ಹಳೆಯ ದುಃಖ, ಎಲ್ಲವೂ ಆ ಒಂದೇ ರಾಗದೊಳಗೆ ಬಂದು ಸೇರುತ್ತವೆ. ಕೋವಿಡ್ ಕಾಲದಲ್ಲಿ ಜನ ಸೇರಬಾರದು ಎಂಬ ನಿಯಮ ಬೇಕೇ ಇತ್ತು. ಅದರಿಂದ ಜೀವಗಳು ಉಳಿದವು. ಆದರೆ ಎಷ್ಟು ಮನೆಗಳಲ್ಲಿ ಭಜನೆಯಿಲ್ಲದೆ, ಅಳುವಿಲ್ಲದೆ ಮಣ್ಣು ಮುಗಿಯಿತು ಎಂಬುದಕ್ಕೆ ದಿನದ ಬುಲೆಟಿನ್ನಿನಲ್ಲಿ ಕಾಲಂ ಇರಲಿಲ್ಲ. ಆ ಅಳು ಎಲ್ಲಿ ಹೋಯಿತು ಎಂದು ಕೇಳುವುದು ಕೂಡ ಸಾರ್ವಜನಿಕ ಆರೋಗ್ಯದ ಪ್ರಶ್ನೆಯೇ.

ಸಿಕಂದರಾಬಾದಿನ ಕಡೆಗೆ ಹೊರಟ ರೈಲು ವಾಡಿ ಬಿಟ್ಟು ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ಕುರಕುಂಟಾ ಮುಟ್ಟುತ್ತದೆ. ಅದರಾಚೆ ತೆಲಂಗಾಣದ ತಾಂಡೂರು. ಸುಣ್ಣಕಲ್ಲಿನ ನೆಲ ಇದು. ಕುರಕುಂಟಾದಲ್ಲಿದ್ದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ ನಿಂತುಹೋಗಿ ಬಹುಕಾಲವಾಯಿತು. ಸೇಡಂ, ಮಳಖೇಡ, ವಾಡಿಗಳ ಕಾರ್ಖಾನೆಗಳ ಗೂಡುಗಳು ಉರಿಯುತ್ತಿವೆ. ಶಹಾಬಾದಿನ ಪರಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಉಳಿದದ್ದು ತೊಗರಿ, ಜೋಳ, ಮತ್ತು ಕೆಲಸ ಹುಡುಕಿ ಹೈದರಾಬಾದ್, ಪುಣೆ, ಮುಂಬೈ ಹಾದಿ ಹಿಡಿಯುವ ಜನ. ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದವಾಖಾನೆಯಲ್ಲಿ ದಖನಿ ಆಡುತ್ತಾನೆ. ಲಂಬಾಣಿ ತಾಂಡಾದವನಾದರೆ ಮೇಲೆ ಅವರ ಮಾತಾದ ಗೋರ್‌ಬೋಲಿಯೂ ಉಂಟು. ಇಷ್ಟು ಭಾಷೆ ಬಲ್ಲವನಿಗೂ ತನ್ನ ಒಳಗಿನ ಬ್ಯಾನಿ ಹೇಳಿಕೊಳ್ಳಲು ಮಾತು ಸಿಗದೆ ಇರಬಹುದು. ಎದಿ ಭಾರ ಆಗ್ಯದ, ಜೀವಕ್ಕ ಸಮಾಧಾನ ಇಲ್ಲ ಎನ್ನುವಷ್ಟರಲ್ಲಿ ಸರದಿ ಮುಗಿದು, ಗುಳಿಗೆಯ ಚೀಟಿ ಕೈಗೆ ಬಂದಿರುತ್ತದೆ.

ಕಲೆಯನ್ನು ಆರೋಗ್ಯಕ್ಕೆ ಎರಡು ಬಗೆಯಲ್ಲಿ ದುಡಿಸಿಕೊಳ್ಳಬಹುದು. ಜನರಿಗೆ ಹೇಳುವುದಕ್ಕೆ, ಮತ್ತು ಜನರಿಂದ ಕೇಳುವುದಕ್ಕೆ. ಮೊದಲನೆಯದನ್ನು ನಮ್ಮ ನಾಡು ಚೆನ್ನಾಗಿ ಕಲಿತಿದೆ. ಎರಡನೆಯದು ಜನರ ಕೈಯಲ್ಲಿ ಮೊದಲಿಂದ ಇತ್ತು. ಅದನ್ನು ಆರೋಗ್ಯದ ವ್ಯವಸ್ಥೆ ಇನ್ನೂ ಗುರುತಿಸಿಲ್ಲ.

ಹೇಳುವ ಕಲೆ ಏನು ಮಾಡಬಲ್ಲದು ಎಂಬುದಕ್ಕೆ ನಾರುಹುಣ್ಣಿನ ಕಥೆ ಸಾಕು. ಕಲ್ಯಾಣ ಕರ್ನಾಟಕದ ಹಳ್ಳಿಗಳ ಹಿರಿಯರಿಗೆ ಈ ರೋಗ ನೆನಪಿರುತ್ತದೆ. ಕೆರೆ, ಮೆಟ್ಟಿಲು ಬಾವಿಯ ನೀರಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಒಂದು ಹುಳು. ಅದರ ಹೊಟ್ಟೆಯಲ್ಲಿ ನಾರಿನ ಮರಿ. ನೀರು ಕುಡಿದವರ ಮೈಯೊಳಗೆ ಅದು ಒಂದು ವರ್ಷ ಬೆಳೆದು, ಎರಡು-ಮೂರು ಅಡಿ ಉದ್ದವಾಗಿ, ಕಾಲಿನ ಚರ್ಮ ಸೀಳಿಕೊಂಡು ಹೊರಗೆ ಬರುತ್ತಿತ್ತು. ಉರಿ ತಾಳದೆ ಆ ಕಾಲನ್ನು ಬಾವಿಯ ನೀರಿಗೆ ಇಳಿಸಿದರೆ ಮರಿಗಳು ಮತ್ತೆ ನೀರು ಸೇರುತ್ತಿದ್ದವು. ಇದಕ್ಕೆ ಗುಣಪಡಿಸುವ ಔಷಧಿ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಹುಣ್ಣಾದ ಕಾಲನ್ನು ಬಾವಿಗೆ ಇಳಿಸಬಾರದು, ಮೆಟ್ಟಿಲು ಬಾವಿಯನ್ನು ಸೇದುವ ಬಾವಿ ಮಾಡಬೇಕು; ದಾರಿ ಇದ್ದದ್ದು ಇಷ್ಟೇ. ಅಂದರೆ ಕೆಲಸವೆಲ್ಲ ಜನರಿಗೆ ತಿಳಿಯುವಂತೆ ಹೇಳುವುದರಲ್ಲಿತ್ತು. ಗೋಡೆಯ ಮೇಲೆ ಬರೆದರು, ಡಂಗುರ ಸಾರಿದರು, ಚಿತ್ರ ತೋರಿಸಿದರು, ಹಾಡು ಕಟ್ಟಿದರು, ಮನೆ ಮನೆ ತಿರುಗಿದರು. 1996ರಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ಒಂದು ರೋಗವನ್ನು ಮಾತು, ಬಟ್ಟೆಯ ತುಂಡು ಮತ್ತು ಸುರಕ್ಷಿತ ನೀರು ಸೇರಿ ಇಲ್ಲವಾಗಿಸಿದ ಈ ಸಾಧನೆಯನ್ನು ಮಕ್ಕಳ ಪಠ್ಯದಲ್ಲಿ ಇನ್ನಷ್ಟು ಹೆಮ್ಮೆಯಿಂದ ಹೇಳಬೇಕಾಗಿದೆ.

ಆದರೆ ಎಲ್ಲ ಸಂಕಟವೂ ನಾರುಹುಣ್ಣಿನಂತೆ ಚರ್ಮದ ಮೇಲೆ ಕಾಣುವುದಿಲ್ಲ. ಮನಸ್ಸಿನ ಬೇನೆ, ಮನೆಯೊಳಗಿನ ಹೊಡೆತ, ಸಾಲದ ಅಂಜಿಕೆ, ಬಾಣಂತಿಯ ಖಿನ್ನತೆ, ಇವೆಲ್ಲ ಬಾಯಿ ಬಿಟ್ಟು ಹೇಳಿದಾಗ ಮಾತ್ರ ಹೊರಗೆ ಬರುವಂಥವು. ಅಲ್ಲಿ ಧ್ವನಿವರ್ಧಕಕ್ಕಿಂತ ಕಿವಿ ಹೆಚ್ಚು ಬೇಕು.

ಬೀಸುವ ಕಲ್ಲಿನ ಮುಂದೆ ಅಂಥ ಒಂದು ಕಿವಿ ಇತ್ತು. ನಸುಕಿನಲ್ಲಿ ಕೋಳಿ ಕೂಗುವ ಮುಂಚೆ ಇಬ್ಬರು ಹೆಂಗಸರು ಕಲ್ಲಿನ ಎರಡೂ ಕಡೆ ಎದುರುಬದುರಾಗಿ ಕೂಡುತ್ತಿದ್ದರು. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ. ಬಲಗೈಗಳೆರಡೂ ಒಂದೇ ಗೂಟದ ಮೇಲೆ. ಎಡಗೈಯಿಂದ ಹಿಡಿ ಹಿಡಿ ಜೋಳ ಕಲ್ಲಿನ ಬಾಯಿಗೆ. ಕಲ್ಲು ಸುತ್ತು ಬರುವುದಕ್ಕೆ ಸರಿಯಾಗಿ ಉಸಿರು, ಉಸಿರಿಗೆ ಸರಿಯಾಗಿ ಪದ. ತ್ರಿಪದಿಯ ಎರಡನೆಯ ಸಾಲನ್ನು ಮರಳಿ ಎಳೆದು ಹಾಡಿ, ಆಮೇಲೆ ಮೂರನೆಯದಕ್ಕೆ ಇಳಿಯುವುದು ರೂಢಿ. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಕೂಡಿಸಿಕೊಳ್ಳುತ್ತಿದ್ದಳು. ಅತ್ತೆಯ ಮಾತು, ಗಂಡನ ಸಿಟ್ಟು, ತವರಿನಿಂದ ಬರದ ಅಣ್ಣ, ಸತ್ತ ಕೂಸು, ಎಲ್ಲ ಆ ಪದಗಳೊಳಗೆ ಬರುತ್ತಿದ್ದವು. ಕಲ್ಲಿನ ಗರಗರ ಸದ್ದು ಪಡಸಾಲೆಯಲ್ಲಿ ಮಲಗಿದವರಿಗೆ ಮಾತು ಕೇಳದಂತೆ ತಡೆಯುತ್ತಿತ್ತು. ಎದುರಿಗೆ ಕೂತವಳಿಗೆ ಮಾತ್ರ ಕೇಳುತ್ತಿತ್ತು. ಹಗಲು ಆಡಿದ್ದರೆ ಜಗಳವಾಗುತ್ತಿದ್ದ ಮಾತು ನಸುಕಿನಲ್ಲಿ ಪದವಾಗಿ, ಹೊಣೆ ಯಾರ ಮೇಲೂ ಬೀಳದೆ, ಹೊರಗೆ ಬರುತ್ತಿತ್ತು. ಪದ ಎಲ್ಲರದು, ಆದ್ದರಿಂದ ಹಾಡಿದವಳನ್ನು ಹಿಡಿದು ಕೇಳುವ ಹಾಗಿರಲಿಲ್ಲ.

ಪಕ್ಕದ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇಂಥ ಪದಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಕನ್ನಡ ಸಾಹಿತ್ಯ ಅದನ್ನು ಕಾವ್ಯವೆಂದು ಓದಿತು, ಸರಿಯಾಗಿಯೇ ಓದಿತು. ಅದೇ ಪುಸ್ತಕವನ್ನು ಒಬ್ಬ ವೈದ್ಯ ಓದಿದರೆ ಆ ಕಾಲದ ಹೆಣ್ಣುಮಕ್ಕಳ ಬದುಕಿನ ಭಾರ ಎಲ್ಲೆಲ್ಲಿ ಕೂತಿತ್ತು ಎಂಬುದೂ ಅವರಿಗೆ ಕಾಣುತ್ತದೆ.

ಹಿಟ್ಟಿನ ಗಿರಣಿ ಬಂತು. ಅದು ಹೆಂಗಸರ ತೋಳು, ಬೆನ್ನಿಗೆ ಕೊಟ್ಟ ಬಿಡುವು ದೊಡ್ಡದು. ಬೀಸುವ ಕಲ್ಲು ಮರಳಿ ಬರಲಿ ಎಂದು ಯಾರೂ ಬಯಸಬಾರದು. ಕಲ್ಲಿನ ಜೊತೆಗೆ ಎದುರಿಗೆ ಕೂಡುವ ಆ ಇನ್ನೊಬ್ಬಳೂ ಎದ್ದು ಹೋದಳು ಎಂಬುದು ಮಾತ್ರ ಗಮನಕ್ಕೆ ಬರಲಿಲ್ಲ. ಅವಳ ಜಾಗಕ್ಕೆ ಯಾರು ಬಂದರು? ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತಿನ ಲೆಕ್ಕವಾಗುತ್ತದೆ. ಟಿವಿಯ ಮುಂದೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂಡುತ್ತಾರೆ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಆದರೆ ಅವಳ ಕೈಯಲ್ಲಿ ತುಂಬಬೇಕಾದ ರಿಜಿಸ್ಟರ್ ಇರುತ್ತದೆ.

ಹಾಡಿಗೂ ಆರೋಗ್ಯಕ್ಕೂ ಇರುವ ಈ ನಂಟು ಬರೀ ಭಾವನೆಯ ಮಾತಲ್ಲ. 2018ರಲ್ಲಿ ಇಂಗ್ಲೆಂಡಿನ ಸಂಶೋಧಕಿಯರಾದ ಡೇಸಿ ಫ್ಯಾನ್‌ಕೋರ್ಟ್ ಮತ್ತು ರೊಸೀ ಪರ್ಕಿನ್ಸ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೆರಿಗೆಯ ನಂತರದ ಖಿನ್ನತೆಯ ಲಕ್ಷಣವಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪು ಹತ್ತು ವಾರ ಕೂಸುಗಳ ಜೊತೆ ಸೇರಿ ಹಾಡಿತು, ಹೊಸ ಹಾಡು ಕಟ್ಟಿತು. ಇನ್ನೊಂದು ಗುಂಪು ಕೂಸುಗಳ ಜೊತೆ ಆಟವಾಡಿತು. ಮೂರನೆಯದಕ್ಕೆ ಎಂದಿನ ಆರೈಕೆ. ಖಿನ್ನತೆ ಹೆಚ್ಚಾಗಿದ್ದ ತಾಯಂದಿರಲ್ಲಿ ಹಾಡಿದ ಗುಂಪಿನವರು ಎಂದಿನ ಆರೈಕೆಯವರಿಗಿಂತ ಬೇಗ ಚೇತರಿಸಿಕೊಂಡರು. ಇದೇ ಫ್ಯಾನ್‌ಕೋರ್ಟ್ ಇನ್ನೊಬ್ಬರೊಡನೆ ಸೇರಿ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಬರೆದ ವರದಿ, ಕಲೆ ರೋಗ ತಡೆಯುವುದಕ್ಕೂ ಆರೈಕೆಗೂ ನೆರವಾಗುತ್ತದೆ ಎಂಬುದನ್ನು ತೋರಿಸಿತು.

ಈ ಸುದ್ದಿ ಕೇಳಿದರೆ ಸೇಡಂ ಕಡೆಯ ಯಾವ ಅಜ್ಜಿಗೂ ಆಶ್ಚರ್ಯವಾಗಲಿಕ್ಕಿಲ್ಲ. ಇಲ್ಲಿ ಬಸುರಿಗೆ ಕುಬಸ ಮಾಡುವಾಗ ಹಾಡು, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಹಾಡು. ಹೆರಿಗೆಯಾದ ಐದನೆಯ ದಿನ ಶೆಟಿಗೆವ್ವನ ಪೂಜೆ. ಅವಳು ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ಹಾಳೆ, ಪೆನ್ನು ಇಡುವ ಮನೆಗಳಿವೆ. ಆ ರಾತ್ರಿ ಬಾಣಂತಿಯನ್ನು ಒಂಟಿಯಾಗಿ ಬಿಡುವುದಿಲ್ಲ. ನಂಬಿಕೆಯ ಮಾತು ಹಾಗಿರಲಿ, ಹೆತ್ತು ದಣಿದ ಹೆಣ್ಣಿನ ಸುತ್ತ ನಾಲ್ಕು ಹೆಂಗಸರು ಎಚ್ಚರವಿರುವ ಏರ್ಪಾಡು ಅದರೊಳಗಿದೆ. ಚಿಂಚೋಳಿಯ ತಾಂಡಾಗಳಲ್ಲಿ ಮದುಮಗಳು ತವರು ಬಿಡುವಾಗ ಢಾವಲೋ ಎಂಬ ಅಳುವಿನ ಹಾಡು ಹಾಡುತ್ತಾಳೆ. ಅದನ್ನು ಅವಳು ಮದುವೆಗೆ ಮುಂಚೆಯೇ ಹಿರಿಯ ಹೆಂಗಸರಿಂದ ಕಲಿತಿರುತ್ತಾಳೆ. ದುಃಖ ಬರುವ ಮುಂಚೆಯೇ ಅದನ್ನು ಹೇಳುವ ಬಗೆಯನ್ನು ಹುಡುಗಿಗೆ ಕಲಿಸಿಡುವ ಸಮುದಾಯದಿಂದ ಮನೋವೈದ್ಯರು ಕಲಿಯುವುದು ಬಹಳವಿದೆ.

ಹೇಳಿಕೊಂಡರೆ ಸಾಲದು, ಕೇಳಿದವರು ಏನು ಮಾಡುತ್ತಾರೆ ಎಂಬುದೂ ಮುಖ್ಯ. ಈ ಮಾತನ್ನು ಕನ್ನಡದಲ್ಲಿ ಕಾದಂಬರಿಕಾರ್ತಿ ತ್ರಿವೇಣಿಯವರಷ್ಟು ನಿಖರವಾಗಿ ತೋರಿಸಿದವರು ವಿರಳ. ಮನಶ್ಶಾಸ್ತ್ರ ಓದಿದ್ದ ಅವರು ‘ಶರಪಂಜರ’ದಲ್ಲಿ ಕಾವೇರಿ ಎಂಬ ಗೃಹಿಣಿಯ ಕಥೆ ಬರೆದರು. ಹೆರಿಗೆಯ ನಂತರ ಅವಳಿಗೆ ಚಿತ್ತಭ್ರಮೆಯಾಗುತ್ತದೆ. ಆ ಸ್ಥಿತಿಯಲ್ಲಿ ಮದುವೆಗೆ ಮುಂಚಿನ ಒಂದು ಗುಟ್ಟು ಅವಳ ಬಾಯಿಂದ ಹೊರಬೀಳುತ್ತದೆ. ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಆಸ್ಪತ್ರೆ ತನ್ನ ಕೆಲಸವನ್ನು ಸರಿಯಾಗಿ ಮಾಡಿದೆ. ಮನೆ ಮಾತ್ರ ಬದಲಾಗಿಬಿಟ್ಟಿದೆ: ಗಂಡ ದೂರ ಸರಿಯುತ್ತಾನೆ, ನೆರೆಯವರು ಓರೆಗಣ್ಣಿನಿಂದ ನೋಡುತ್ತಾರೆ, ಅವಳು ನಕ್ಕರೂ ಸಿಟ್ಟಾದರೂ ಹುಚ್ಚಿನ ಲೆಕ್ಕಕ್ಕೇ ಸೇರುತ್ತದೆ. ಅವಳು ಮತ್ತೆ ಕುಸಿಯುತ್ತಾಳೆ. ಮುಂದೆ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಟೂರಿಂಗ್ ಟಾಕೀಸು ಹೋದ ಊರುಗಳಿಗೆಲ್ಲ ಆ ಕಥೆ ಹೋಯಿತು. ರೋಗಿ ಗುಣವಾಗಿ ಬಂದ ಮೇಲೆ ಮನೆಯವರಿಗೂ ಒಂದು ಕೆಲಸವಿದೆ ಎಂಬುದನ್ನು ಅಷ್ಟು ಜನರಿಗೆ ಮುಟ್ಟಿಸಿದ ಆರೋಗ್ಯ ಶಿಬಿರ ಆ ಕಾಲದಲ್ಲಿ ಇನ್ನೊಂದಿರಲಿಕ್ಕಿಲ್ಲ. ತ್ರಿವೇಣಿಯವರು 1963ರಲ್ಲಿ, ತಮ್ಮ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34 ವರ್ಷ.

ಬರವಣಿಗೆಗೂ ವೈದ್ಯಕ್ಕೂ ಈ ನೆಲದಲ್ಲಿ ಹಳೆಯ ಬಳಕೆಯಿದೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ಜೈನಾಚಾರ್ಯ ಉಗ್ರಾದಿತ್ಯರು ಸಂಸ್ಕೃತದಲ್ಲಿ ಬರೆದ ವೈದ್ಯಗ್ರಂಥ ‘ಕಲ್ಯಾಣಕಾರಕ’ದ ಕೊನೆಗೆ ಒಂದು ಅಧ್ಯಾಯವಿದೆ, ಮಾಂಸಾಹಾರದ ಕುರಿತು ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಎದುರು ಅವರು ಮಂಡಿಸಿದ ವಾದ ಅದು. ಅವರ ನಿಲುವನ್ನು ಇಂದಿನವರು ಒಪ್ಪಬೇಕಾಗಿಲ್ಲ. ಆಹಾರ, ಆರೋಗ್ಯದ ಪ್ರಶ್ನೆಯನ್ನು ತುಂಬಿದ ಸಭೆಯಲ್ಲಿ ಚರ್ಚಿಸಿ ಬರೆದಿಟ್ಟಿದ್ದರು ಎಂಬುದು ಮುಖ್ಯ. ಮುಂದೆ ಕನ್ನಡದಲ್ಲಿಯೂ ಅದೇ ಹಾದಿ ಬೆಳೆಯಿತು. ಚಾಲುಕ್ಯ ವಂಶದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಜಗದ್ದಳ ಸೋಮನಾಥ ‘ಕರ್ನಾಟಕ ಕಲ್ಯಾಣಕಾರಕ’ ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನು ಪದ್ಯದಲ್ಲಿಯೇ ರಚಿಸಿದ. ಹಾವು ಕಡಿದವನ ಮುಂದೆ ಓಲೆಗರಿ ಬಿಚ್ಚಿ ಹುಡುಕುವಷ್ಟು ಹೊತ್ತಿರುವುದಿಲ್ಲ. ಪದ್ಯವಾದರೆ ಬಾಯಲ್ಲಿ ನಿಲ್ಲುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ತನ್ನ ಕಸುಬಿನ ನಾಡಿ, ರೋಗ, ಔಷಧಿಗಳ ಮಾತನ್ನೇ ವಚನಕ್ಕೆ ತಂದ.

ಆಧುನಿಕ ಕಾಲದಲ್ಲಿ ಸ್ಟೆತೊಸ್ಕೋಪ್ ಮತ್ತು ಪೆನ್ನು ಎರಡನ್ನೂ ಹಿಡಿದವರ ಸಾಲು ಉದ್ದವಿದೆ. ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಶುರು ಮಾಡಿದರು. ಮನಸ್ಸಿನ ರೋಗಗಳ ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಅನುಪಮಾ ನಿರಂಜನ ‘ತಾಯಿ ಮಗು’, ‘ಕೇಳು ಕಿಶೋರಿ’ ಬರೆದು, ಯಾರನ್ನೂ ಕೇಳಲಾಗದ ಪ್ರಶ್ನೆಗಳಿಗೆ ಮನೆಯೊಳಗೇ ಉತ್ತರ ಸಿಗುವಂತೆ ಮಾಡಿದರು. ತಮಗೆ ಕ್ಯಾನ್ಸರ್ ಬಂದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ಕಲಬುರಗಿಯ ಎದೆರೋಗ ತಜ್ಞ ಡಾ. ಪಿ. ಎಸ್. ಶಂಕರ್ ಕನ್ನಡದ ವೈದ್ಯ ಸಾಹಿತ್ಯಕ್ಕೆ ಈ ಭಾಗದಿಂದ ದೊಡ್ಡ ಕೊಡುಗೆ ಕೊಟ್ಟವರು. ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಆರೋಗ್ಯದ ಬಗ್ಗೆ ಸಣ್ಣ ಸಣ್ಣ ಪುಸ್ತಕಗಳನ್ನು ಬರೆಯುತ್ತಲೇ ಹೋದರು.

ಇವರೆಲ್ಲ ಓದಬಲ್ಲವರಿಗೆ ಬರೆದರು. 2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ 55ರ ಆಸುಪಾಸು. ಉಳಿದವರು? ಮಳಖೇಡದಲ್ಲಿಯೇ ಹುಟ್ಟಿದ ‘ಕವಿರಾಜಮಾರ್ಗ’ ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಈ ನಾಡಿನವರ ಬಗ್ಗೆ ಹೇಳಿದ ಒಂದು ವಿಷಯ ಇಲ್ಲಿ ನೆನೆಯಬೇಕು: ಓದಿ ಕಲಿಯದವರೂ ಇಲ್ಲಿ ಕಾವ್ಯ ಕಟ್ಟುವುದರಲ್ಲಿ ನಿಪುಣರು ಎಂದು ಅದು ಮೆಚ್ಚಿಕೊಂಡಿತ್ತು. ಸೇಡಂ ತಾಲ್ಲೂಕಿನ ಹೆಬ್ಬೆಟ್ಟಿನ ತಾಯಿ ಇಂದಿಗೂ ಆ ಮಾತಿಗೆ ಸಾಕ್ಷಿ. ಆದ್ದರಿಂದ ಬರೆದು ಹಗುರಾಗುವ ದಾರಿಯನ್ನು ಈ ಭಾಗಕ್ಕೆ ತರುವಾಗ ಹಾಳೆ-ಪೆನ್ನಿನಿಂದಲೇ ಶುರು ಮಾಡಬೇಕಾಗಿಲ್ಲ.

ಆ ದಾರಿಯ ಬಗ್ಗೆ ಗೊತ್ತಿರುವುದು ಇಷ್ಟು. 1986ರಲ್ಲಿ ಅಮೆರಿಕದ ಜೇಮ್ಸ್ ಪೆನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಸಾಧಾರಣ ವಿಷಯ ಬರೆದರು. ಕೆಲವರು ತಮ್ಮ ಬದುಕಿನ ದೊಡ್ಡ ನೋವನ್ನು, ನಡೆದದ್ದು ಮತ್ತು ಮನಸ್ಸಿಗೆ ಆದದ್ದು ಎರಡನ್ನೂ ಸೇರಿಸಿ ಬರೆದರು. ಬರೆದ ಕೂಡಲೇ ಈ ಎರಡನೆಯವರು ಮೊದಲಿಗಿಂತ ಹೆಚ್ಚು ನೊಂದಿದ್ದರು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆಯುವ ಬದಲು ಟೇಪ್ ರೆಕಾರ್ಡರ್ ಮುಂದೆ ಮಾತಾಡಿದರೂ ಪ್ರಯೋಜನವಿದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. 2006ರಲ್ಲಿ ಜೊವಾನ್ ಫ್ರಟರೋಲಿ 146 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಪರಿಣಾಮ ಇದೆ, ಆದರೆ ಸಣ್ಣದು ಎಂದು ಕಂಡಿತು. ಸಣ್ಣದು ಎಂಬುದನ್ನು ಮರೆಯಬಾರದು. ಕ್ಷಯಕ್ಕೆ ಆರು ತಿಂಗಳ ಗುಳಿಗೆಯೇ ಬೇಕು. ತೀವ್ರ ಮನೋರೋಗಕ್ಕೆ ಮನೋವೈದ್ಯರೇ ಬೇಕು. ಗಾಯ ಹಸಿಯಾಗಿದ್ದವರನ್ನು ಬರೆ, ಹಾಡು ಎಂದು ಒತ್ತಾಯಿಸುವುದು ಕ್ರೌರ್ಯ. ಕಲೆ ಮಾಡುವುದು ಅದಕ್ಕಿಂತ ಹಿಂದಿನ ಕೆಲಸ: ಮುಚ್ಚಿದ ಬಾಯಿ ಬಿಡಿಸುವುದು, ದವಾಖಾನೆಯ ಬಾಗಿಲ ತನಕ ಕರೆದುಕೊಂಡು ಬರುವುದು.

ಶಹಾಬಾದಿನ ಖಣಿಗಳ ಕಡೆ ನೋಡಿದರೆ ಈ ಮಾತು ದೇಹದ ರೋಗಕ್ಕೂ ಸಲ್ಲುತ್ತದೆ ಎಂದು ತಿಳಿಯುತ್ತದೆ. ಕಲ್ಲು ಒಡೆಯುವ, ಕೊಯ್ಯುವ, ಪಾಲಿಶ್ ಮಾಡುವ ಕೆಲಸದಲ್ಲಿ ದೂಳು ತಪ್ಪಿದ್ದಲ್ಲ. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಎದೆಗೆ ಇಳಿದರೆ ಸಿಲಿಕೋಸಿಸ್ ಆಗುತ್ತದೆ. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ಹೊರಗಿನಿಂದ ನೋಡಿದರೆ ಕೆಮ್ಮು, ದಮ್ಮು, ಸೊರಗಿದ ಮೈ; ಕ್ಷಯವೆಂದು ತಿಳಿಯುವುದು ಸುಲಭ, ಕ್ಷಯ ಜೊತೆಗೂಡುವುದೂ ಉಂಟು. ಬೇರೆ ಮಾಡಿ ತಿಳಿಯಲು ಎಕ್ಸ್‌ರೇ ಬೇಕು, ಅದರ ಜೊತೆಗೆ ಒಂದು ಪ್ರಶ್ನೆಯೂ ಬೇಕು: ಏನು ಕೆಲಸ ಮಾಡಿದಿರಿ, ಎಲ್ಲಿ, ಎಷ್ಟು ವರ್ಷ? 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ದಿನೊ ರಮಾತ್ಸೀನಿ ಕಸುಬುಗಳ ರೋಗಗಳ ಕುರಿತು ಪುಸ್ತಕ ಬರೆದಾಗ, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ ಇದನ್ನು ಸೇರಿಸಿ ಎಂದು ವೈದ್ಯರಿಗೆ ಹೇಳಿದ್ದ. ಮುನ್ನೂರು ವರ್ಷವಾದರೂ ಗದ್ದಲದ ಹೊರರೋಗಿ ವಿಭಾಗದಲ್ಲಿ ಆ ಪ್ರಶ್ನೆಗೆ ಹೊತ್ತು ಸಿಗುವುದು ಕಷ್ಟ.

ಇದಕ್ಕೆ ಶಾಲೆಯ ಮಕ್ಕಳು ನೆರವಾಗಬಹುದು. ವಾಡಿ, ಶಹಾಬಾದ್, ಕುರಕುಂಟಾದ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಮೇಷ್ಟ್ರು ಒಂದು ಬರವಣಿಗೆ ಕೊಡಲಿ: ಮನೆಯ ಹಿರಿಯರೊಬ್ಬರ ದುಡಿಮೆಯ ಕಥೆ. ಅಜ್ಜ ಯಾವ ಖಣಿಗೆ ಹೋದ, ಯಾವ ಹಂಗಾಮಿನಲ್ಲಿ ಯಾವ ಊರಿಗೆ ಗುಳೆ ಹೋದ, ಸಿಮೆಂಟ್ ಚೀಲ ಎಷ್ಟು ವರ್ಷ ಹೊತ್ತ, ಮೊದಲ ಸಲ ದಮ್ಮು ಬಂದದ್ದು ಯಾವಾಗ. ಮಗು ಬರೆದ ಆ ಎರಡು ಪುಟ ಹಿರಿಯರು ಒಪ್ಪಿದರೆ ಅವರ ಜೊತೆ ಆಸ್ಪತ್ರೆಗೆ ಹೋಗಲಿ. ವೈದ್ಯರಿಗೆ ಅರ್ಧ ರೋಗನಿರ್ಣಯ ಅಲ್ಲಿಯೇ ಸಿಗುತ್ತದೆ. ತನ್ನ ಬದುಕನ್ನು ಯಾರೋ ಕೂತು ಕೇಳಿ ಬರೆದುಕೊಂಡರು ಎಂಬ ಸಮಾಧಾನ ಹಿರಿಯರಿಗೆ ಸಿಗುತ್ತದೆ. ದುಡಿಯುವವರ ಬದುಕು ಸಾಹಿತ್ಯವಾಗುತ್ತದೆಯೇ ಎಂಬ ಅನುಮಾನ ಈ ಜಿಲ್ಲೆಯಲ್ಲಿ ಯಾರಿಗೂ ಬರಬಾರದು. ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಕೂಲಿಯ ಮಗಳು ಗೀತಾ ನಾಗಭೂಷಣ ಇಂಥ ಬದುಕುಗಳನ್ನೇ ಬರೆದು, ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಗಂಡಸರ ಮಾತು ಬೇರೆ. ಹೆಂಗಸರಿಗೆ ಬೀಸುವ ಕಲ್ಲಿತ್ತು, ಗಂಡಸರಿಗೆ ಅಳುವ ಪರವಾನಗಿಯೇ ಇರಲಿಲ್ಲ. ತೊಗರಿ ಕೈಕೊಟ್ಟ ವರ್ಷ ಸಾಲ ಕೊಟ್ಟವನ ಮುಖ ನೋಡಲಾಗದೆ ತಲೆ ತಗ್ಗಿಸಿದ ರೈತ ಸೆರೆಯಂಗಡಿಗೆ ಹೋದಾನು, ಆಶಾ ಕಾರ್ಯಕರ್ತೆಯ ಹತ್ತಿರ ಮನಸ್ಸು ಬಿಚ್ಚಲಾರ. ಅವನು ಹೋಗಿ ಕೂಡುವ ಒಂದು ಜಾಗವಿದೆ: ಗುಡಿಯ ಕಟ್ಟೆಯ ಮೇಲಿನ ಭಜನೆ. ತತ್ವಪದಕಾರ ಕಡಕೋಳದ ಮಡಿವಾಳಪ್ಪನವರ ಪದಗಳು ಈ ಸೀಮೆಯ ಭಜನಾ ಮಂಡಳಿಗಳಲ್ಲಿ ಇಂದಿಗೂ ಜೀವಂತ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಂಥವರೂ ಇದ್ದರು; ಜಾತಿ, ಮತದ ಗೋಡೆ ಆ ಕಟ್ಟೆಯ ಮೇಲೆ ತೆಳುವಾಗುತ್ತದೆ. ಸಂಸಾರದ ಭಾರ, ದೇಹದ ನಶ್ವರತೆ, ದುಡ್ಡಿನ ಸುಳ್ಳು ಎಲ್ಲವನ್ನೂ ಹಾಡುವ ಈ ಪದಗಳಿಗೆ ಕೊರಳು ಕೂಡಿಸುವಾಗ ಗಂಡಸು ತನ್ನ ಕಥೆಯನ್ನೇ ಹಾಡುತ್ತಿರುತ್ತಾನೆ, ಕಣ್ಣು ಒರೆಸಿಕೊಂಡರೂ ಯಾರೂ ಏನೂ ಅನ್ನುವುದಿಲ್ಲ. ಅವನು ಎರಡು ವಾರ ಭಜನೆಗೆ ಬರದಿದ್ದರೆ ಮೊದಲು ಗೊತ್ತಾಗುವುದು ತಾಳ ಹಿಡಿಯುವ ಜೊತೆಗಾರನಿಗೆ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ರೋಗದಿಂದ ರೋಗಕ್ಕೆ ವ್ಯತ್ಯಾಸವಿದ್ದರೂ, ಚಿಕಿತ್ಸೆ ಬೇಕಾದ ನೂರು ಜನರಲ್ಲಿ 70ರಿಂದ 92 ಜನಕ್ಕೆ ಅದು ಸಿಗುತ್ತಿರಲಿಲ್ಲ. ಕರ್ನಾಟಕ ಈ ಅಂತರವನ್ನು ಕಡಿಮೆ ಮಾಡಲು ದೇಶಕ್ಕೇ ದಾರಿ ತೋರಿಸಿದ ರಾಜ್ಯ. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಅಲ್ಲಿ ಕಾರ್ಯಕರ್ತರಿಗೆ ಕಲಿಸಿದ್ದನ್ನು ಈಗ ಭಜನಾ ಮಂಡಳಿಯ ಹಿರಿಯರಿಗೆ, ಸೋಬಾನೆ ಹಾಡುವ ತಾಯಂದಿರಿಗೆ, ತಾಂಡಾದ ಹಾಡುಗಾರ್ತಿಯರಿಗೆ ಕಲಿಸಬಹುದು. ನಿದ್ದೆ ಬಿಟ್ಟವರು ಯಾರು, ಊಟ ಬಿಟ್ಟವರು ಯಾರು, ಸಾಯುವ ಮಾತಾಡುತ್ತಿರುವವರು ಯಾರು, ಬಾಣಂತಿ ಕೂಸಿನ ಮುಖ ನೋಡುತ್ತಿಲ್ಲವೇ, ಇಷ್ಟನ್ನು ಗಮನಿಸಲು ಓದು ಬೇಕಾಗಿಲ್ಲ. ಅವರನ್ನು ಸರ್ಕಾರಿ ಘೋಷಣೆಯ ಹಾಡು ಹಾಡಿಸುವುದಕ್ಕೆ ಮಾತ್ರ ಕರೆಯುವುದು ಅವರ ಶಕ್ತಿಯ ಕಾಲುಭಾಗವನ್ನೂ ಬಳಸಿಕೊಂಡಂತಲ್ಲ.

ಆಕಾಶವಾಣಿಗೂ ಇಲ್ಲಿ ಕೆಲಸವಿದೆ. ಕಲಬುರಗಿ ಕೇಂದ್ರ 1966ರಿಂದ ಈ ಸೀಮೆಯ ಮನೆಗಳೊಳಗೆ ಮಾತಾಡುತ್ತಿದೆ. ಕೇಳುಗರು ಹೆಸರು ಹೇಳದೆ ತಮ್ಮ ಮಾತಿನಲ್ಲಿಯೇ, ದಖನಿಯಲ್ಲೋ ಗೋರ್‌ಬೋಲಿಯಲ್ಲೋ, ದುಃಖ ಹೇಳಿಕೊಂಡು ಕಳಿಸಿದ ಧ್ವನಿಗಳನ್ನು ಕೇಳಿಸಿ, ಆಮೇಲೆ ಒಬ್ಬ ವೈದ್ಯರು ಉತ್ತರ ಕೊಡುವ ಅರ್ಧ ಗಂಟೆ ವಾರಕ್ಕೊಮ್ಮೆ ಇದ್ದರೆ ಹೆಬ್ಬೆಟ್ಟಿನವರಿಗೂ ಪತ್ರ ಬರೆದಷ್ಟು ಫಲ ಸಿಕ್ಕೀತು.

ಈ ಮಾತು ಕೇಳುತ್ತಿರುವವರಲ್ಲಿ ಯಾರಿಗಾದರೂ ಈಗಲೇ ಮಾತಾಡಬೇಕು ಅನ್ನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ. ಹಗಲು-ರಾತ್ರಿ ಯಾವಾಗ ಕರೆದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವಂತೆ ರೂಪಿಸಿದ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ಸೇಡಂ ಆಸ್ಪತ್ರೆಯ ಆ ದಿನದ ನೋಂದಣಿ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯುವುದು ಕಷ್ಟದ ಕೆಲಸವಲ್ಲ: ರೋಗಿಯನ್ನು ಕರೆದುಕೊಂಡು ಬಂದವರು ಯಾರು? ಮನೆಯವರೋ, ಆಶಾ ಕಾರ್ಯಕರ್ತೆಯೋ, ಭಜನೆಯ ಜೊತೆಗಾರನೋ, ಸೋಬಾನೆಯ ಗೆಳತಿಯೋ? ಒಂದು ವರ್ಷ ಇದನ್ನು ಬರೆದಿಟ್ಟರೆ ಹಾಡಿನ ಕಟ್ಟೆಯಿಂದ ದವಾಖಾನೆಗೆ ಎಷ್ಟು ಜನ ನಡೆದು ಬಂದರು ಎಂಬ ಲೆಕ್ಕ ಸಿಗುತ್ತದೆ. ಆ ಕಾಲಂ ಬರುವ ಮಂಗಳವಾರವೇ ಎಳೆಯಬಹುದು.